ನನ್ನ ಹೆಸರಿನ ಐವತ್ತು ಮಂಗಳವಾರ

ಫೆಬ್ರವರಿ ನಾಲ್ಕರ ಬೆಳಿಗ್ಗೆ ಹನ್ನೊಂದೂವರೆಗೆ ಕೊಡಗಿನ ಸಿದ್ದಾಪುರದ ಬ್ಯಾಂಕಿನಲ್ಲಿ ನನ್ನ ಮನೆ ಸಾಲದ ಅರ್ಜಿ ವಾಪಸ್ ಬಂತು. ಮ್ಯಾನೇಜರ್ ಮೇಡಂ ಫೈಲನ್ನು ನನ್ನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು.

"ಸಂಬಳ ಸರಿಯಿದೆ, ಜಾಗದ ಪತ್ರ ಸರಿಯಿದೆ. ಹಳೇ ಸಾಲ ಹೇಗೆ ಕಟ್ಟಿದ್ದೀರಿ ಅನ್ನೋ ಕ್ರೆಡಿಟ್ ಸ್ಕೋರ್ ಮಾತ್ರ ಸರಿಯಿಲ್ಲ," ಅಂದರು.

ಎಷ್ಟಿದೆ ಎಂದು ಕೇಳಿದೆ.

"ನಾನು ಹೇಳೋದಕ್ಕಿಂತ ನೀವೇ ತೆಗೆದು ನೋಡಿ. ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತೆ. ಕೂತು ಓದಿ. ಎಲ್ಲಿ ತಪ್ಪಿದೆ ಅಂತ ಹುಡುಕ್ಕೊಂಡು ಬನ್ನಿ, ಆಮೇಲೆ ಮಾತಾಡೋಣ."

ಬಾಗಿಲಾಚೆ ಬಂದು ಡೈರಿ ತೆಗೆದು ದಿನ ಎಣಿಸಿದೆ. ಎಪ್ಪತ್ತೈದು ಉಳಿದಿತ್ತು.

ಆ ಎಪ್ಪತ್ತೈದರ ಲೆಕ್ಕ ಹೀಗೆ. ನಾವು ಇದ್ದದ್ದು ಕಾಫಿ ಎಸ್ಟೇಟಿನ ಕೆಲಸಗಾರರ ಸಾಲುಮನೆಯಲ್ಲಿ, ನಮ್ಮ ಮಾತಲ್ಲಿ ಲೈನ್ ಮನೆ. ಅಪ್ಪ ತೀರಿಕೊಂಡ ಮೇಲೆ ಆ ಮನೆ ಅವ್ವನ ಕೆಲಸದ ಮೇಲೆ ನಿಂತಿತ್ತು. ಅವ್ವನಿಗೆ ಮಾರ್ಚ್ ಕೊನೆಗೆ ನಿವೃತ್ತಿ, ಮೇ ಕೊನೆಯೊಳಗೆ ಮನೆ ಬಿಡಬೇಕು ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಡಿಸೆಂಬರಿನಲ್ಲೇ ಹೇಳಿದ್ದರು. ನಾವು ಹುಡುಕಿ ಹುಡುಕಿ ಸಿದ್ದಾಪುರದ ಹೊರಗೆ ಮೂರು ಸೆಂಟು ಜಾಗದಲ್ಲಿ ಎರಡು ಕೋಣೆಯ ಮನೆಯೊಂದನ್ನು ಒಪ್ಪಿದ್ದೆವು. ನಮ್ಮ ಕಡೆ ಪತ್ರ ತಕರಾರಿಲ್ಲದ ಜಾಗ ಸಿಗುವುದೇ ಕಷ್ಟ, ಇದರದ್ದು ಸರಿಯಿತ್ತು. ಹದಿನಾಲ್ಕು ಲಕ್ಷ. ಅವ್ವನಿಗೆ ಬರಬೇಕಾದ ಗ್ರಾಚ್ಯುಟಿ, ಪಿ.ಎಫ್., ನನ್ನ ಉಳಿತಾಯ ಎಲ್ಲ ಸೇರಿ ಐದು ಆಗುತ್ತಿತ್ತು. ಒಂಬತ್ತು ಬ್ಯಾಂಕಿನಿಂದ ಬರಬೇಕಿತ್ತು. ಜನವರಿ ಇಪ್ಪತ್ತರಂದು ಐವತ್ತು ಸಾವಿರ ಮುಂಗಡ ಕೊಟ್ಟು ಕರಾರು ಮಾಡಿಕೊಂಡಿದ್ದೆವು. ಏಪ್ರಿಲ್ ಇಪ್ಪತ್ತರೊಳಗೆ ನೋಂದಣಿ ಆಗದಿದ್ದರೆ ಮುಂಗಡವೂ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು.

ನಾನು ಸಿದ್ದಾಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗಿನ ಸ್ಯಾಂಪಲ್‌ಗಳು ಮುಗಿದರೆ ಮಧ್ಯಾಹ್ನ ಎರಡರಿಂದ ಮೂರರವರೆಗೆ ಬಿಡುವು. ಮರುದಿನ, ಐದನೇ ತಾರೀಕು, ಆ ಹೊತ್ತಿಗೆ ಮೊಬೈಲ್ ತೆಗೆದು ಕೂತೆ. ರಿಸೆಪ್ಷನ್‌ನಲ್ಲಿರುವ ಗೆಳತಿ ಬುತ್ತಿಯ ಮುಚ್ಚಳ ತೆಗೆಯುತ್ತಾ ಬಗ್ಗಿ ನೋಡಿದಳು.

"ಅಯ್ಯೋ ಮಾರಾಯ್ತಿ, ಅದನ್ನ ತೆಗೀಬೇಡ. ನೋಡಿದಷ್ಟು ಸಲ ಸ್ಕೋರ್ ಇಳಿಯುತ್ತಂತೆ."

"ಬೇರೆಯವರು ನೋಡಿದ್ರೆ ಇಳೀಬಹುದು. ನನ್ನದು ನಾನು ನೋಡಿದ್ರೆ ಏನೂ ಆಗಲ್ಲ. ಇಲ್ಲೇ ಬರೆದಿದೆ."

"ಬರೀತಾರೆ ಬಿಡು. ಜ್ವರ ನೋಡಿದಷ್ಟೂ ಜ್ವರ ಜಾಸ್ತಿ ಅನ್ನಿಸೋದಿಲ್ವಾ, ಹಾಗೆ."

ಪ್ಯಾನ್ ನಂಬರು ಹಾಕಿದೆ, ಒಟಿಪಿ ಬಂತು, ಒಂಬತ್ತು ಪುಟದ ರಿಪೋರ್ಟ್ ಇಳಿಯಿತು. ಮೊದಲ ಪುಟದಲ್ಲೇ ದೊಡ್ಡದಾಗಿ 604. ನಾವು ಲ್ಯಾಬಿನಲ್ಲಿ ಕೊಡುವ ರಿಪೋರ್ಟಿನಲ್ಲಿ ಪ್ರತಿ ಅಂಕಿಯ ಪಕ್ಕ ಎಷ್ಟಿರಬೇಕು ಎಂಬ ಮಟ್ಟ ಅಚ್ಚಾಗಿರುತ್ತದೆ. ಓದಲು ಬಾರದವರೂ ಬೆರಳಿಟ್ಟು "ಇದು ಹೆಚ್ಚಾ ಕಮ್ಮಿಯಾ" ಎಂದು ಕೇಳುತ್ತಾರೆ. ಇದರಲ್ಲಿ ಇದ್ದದ್ದು ಮುನ್ನೂರರಿಂದ ಒಂಬೈನೂರು ಎಂಬ ಒಂದು ಅಳತೆ ಅಷ್ಟೇ. ಆರುನೂರ ನಾಲ್ಕು ಎಂದರೆ ಅರ್ಧದಷ್ಟು ಆಯಿತಲ್ಲ, ಪಾಸು ಎಂದೇ ನನಗೆ ಮೊದಲು ಅನ್ನಿಸಿತು. ಬ್ಯಾಂಕಿಗೆ ಏಳುನೂರಾದರೂ ಬೇಕು ಎಂಬುದು ಆಮೇಲೆ ತಿಳಿದದ್ದು.

ಒಳಗೆ ಎರಡು ಖಾತೆ. ಒಂದು ನನಗೆ ಗೊತ್ತಿದ್ದದ್ದು: ಎರಡು ವರ್ಷದ ಹಿಂದೆ ಕಂತಿನ ಮೇಲೆ ಕೊಂಡ ಮೊಬೈಲ್, ಹತ್ತು ತಿಂಗಳು, ಹತ್ತೂ ಸಮಯಕ್ಕೆ. ಇನ್ನೊಂದು ಆರು ವರ್ಷದ ಹಿಂದಿನ ಸಂಘದ ಸಾಲ. ಇಪ್ಪತ್ತೈದು ಸಾವಿರ. ಐವತ್ತರಲ್ಲಿ ನಲವತ್ತನಾಲ್ಕು ಕಂತು ಜಮಾ. ಬಾಕಿ 3,360. ಅದರ ಮುಂದೆ, ಸಾಲ ವಸೂಲಾಗದೆ ಕೈಬಿಡಲಾಗಿದೆ ಎಂಬ ಅರ್ಥದ ಎರಡು ಇಂಗ್ಲಿಷ್ ಪದ.

ನನ್ನ ಡೈರಿಗಳಲ್ಲಿ ಬಸ್ ಚಾರ್ಜು ಕೂಡ ತಪ್ಪದೆ ಬರೆದಿದೆ. ಹತ್ತು ವರ್ಷದವಳಿದ್ದಾಗಿಂದ ಅವ್ವ ದಿನಕ್ಕೆ ಎಷ್ಟು ಕೆಜಿ ಕಾಫಿ ಕೊಯ್ದಳು ಎಂದು ಬರೆದಿಟ್ಟವಳು ನಾನು. ಅಂಥವಳ ಹೆಸರಿನಲ್ಲಿ ಬಾಕಿ.

ಆ ಸಾಲಕ್ಕೆ ಕೊಟ್ಟಿದ್ದ ಫೋನ್ ನಂಬರನ್ನು ನೋಡಿದೆ. ಅದು ನನ್ನದಲ್ಲ, ಆದರೆ ನನಗೆ ಬಾಯಿಪಾಠ ಬರುವ ನಂಬರು. ನಮ್ಮ ಪಕ್ಕದ ಮನೆಯ ಮಲಯಾಳಿ ಅಕ್ಕ, ನಾವೆಲ್ಲ ಚೇಚಿ ಅನ್ನುವವರದು.

ಆಗ ಎಲ್ಲ ನೆನಪಾಯಿತು. ನಾನು ಹತ್ತೊಂಬತ್ತರವಳು, ವಿರಾಜಪೇಟೆ ಕಾಲೇಜಿಗೆ ಹೋಗುತ್ತಿದ್ದೆ. ಲೈನಿನ ಹೆಂಗಸರು ಹತ್ತು ಜನ ಸೇರಿ ಸಂಘ ಕಟ್ಟಿದರೆ ವಿರಾಜಪೇಟೆಯ ಒಂದು ಕಂಪನಿ ಸಾಲ ಕೊಡುತ್ತಿತ್ತು. ಐವತ್ತು ವಾರ, ಪ್ರತಿ ಮಂಗಳವಾರ ಕಂಪನಿಯ ಒಬ್ಬ ಸಾರ್ ಬಂದು ಕಂತು ವಸೂಲು ಮಾಡುತ್ತಿದ್ದರು. ಚೇಚಿಗೆ ದೋಸೆ ಹಿಟ್ಟು ರುಬ್ಬಿ ಲೈನಿಗೆಲ್ಲ ಮಾರಲು ದೊಡ್ಡ ಗ್ರೈಂಡರ್ ಬೇಕಿತ್ತು, ಆದರೆ ಸಾಲ ಕೊಡುವ ವಯಸ್ಸು ದಾಟಿತ್ತು. ಲೈನುಗಳಲ್ಲಿ ಇದಕ್ಕೊಂದು ದಾರಿ ಇದೆ. ವಯಸ್ಸಿರುವ ಯಾರಾದರೂ "ಹೆಸರು ಕೊಡುತ್ತಾರೆ". ಸಾಲ ಅವರ ಹೆಸರಿನಲ್ಲಿ, ದುಡ್ಡು ಇವರ ಕೈಯಲ್ಲಿ, ಕಂತು ಇವರದ್ದು. ಸಕ್ಕರೆ ಕಡ ಕೊಟ್ಟಷ್ಟೇ ಸಲೀಸು. ಅವ್ವ ಹೇಳಿದಳು, ನಾನು ಹೆಸರು ಕೊಟ್ಟೆ. ಒಂದು ಮಂಗಳವಾರ ಬೆಳಿಗ್ಗೆ ಏಳಕ್ಕೆ ಸಂಘದ ಲೀಡರ್ ಮನೆಯ ಜಗಲಿಯಲ್ಲಿ ಎಲ್ಲರ ಜೊತೆ ನಿಂತು, ಈ ಹಣವನ್ನು ನನ್ನ ಸ್ವಂತ ಕೆಲಸಕ್ಕೆ ಬಳಸುತ್ತೇನೆ ಎಂದು ಕೈ ಮುಂದೆ ಮಾಡಿ ಪ್ರತಿಜ್ಞೆ ಹೇಳಿದೆ. ಫೋಟೋ ತೆಗೆದರು, ಸಹಿ ಹಾಕಿದೆ, ಏಳು ನಲವತ್ತರ ಬಸ್ಸಿಗೆ ಓಡಿದೆ. ಮತ್ತೆ ಅದರ ಯೋಚನೆಯೇ ಬರಲಿಲ್ಲ.

ಗೆಳತಿಗೆ ತೋರಿಸಿದೆ. ರಿಪೋರ್ಟಿನ ಕೊನೆಗೆ ತಕರಾರು ಸಲ್ಲಿಸುವ ಜಾಗವಿತ್ತು, ಅಲ್ಲಿ ಕಾರಣಗಳ ಪಟ್ಟಿ. ಮೊದಲನೆಯದು: ಈ ಖಾತೆ ನನ್ನದಲ್ಲ. ಮೂರನೆಯದು: ಬಾಕಿ ಮೊತ್ತ ತಪ್ಪಾಗಿದೆ.

"ಮೊದಲನೇದಕ್ಕೆ ಟಿಕ್ ಹಾಕು, ಮುಗೀತು," ಅಂದಳು. "ದುಡ್ಡು ನೀನು ಮುಟ್ಟಿಲ್ಲ ತಾನೆ?"

"ಸಹಿ ನನ್ನದು. ಫೋಟೋ ನನ್ನದು."

"ನೀನೊಬ್ಬಳು ಧರ್ಮರಾಯನ ತಂಗಿ."

ಧರ್ಮದ ಮಾತೇನೂ ಇರಲಿಲ್ಲ. ನನ್ನದಲ್ಲ ಎಂದರೆ ಹಾಗಾದರೆ ಯಾರದ್ದು ಎಂದು ಕೇಳುತ್ತಾರೆ. ಆ ಫೋನ್ ನಂಬರು ಹಿಡಿದು ಸೀದಾ ಚೇಚಿಯ ಬಾಗಿಲಿಗೆ ಬರುತ್ತಾರೆ. ಇನ್ನೊಬ್ಬರ ಸ್ಯಾಂಪಲ್ ಮೇಲೆ ನನ್ನ ಚೀಟಿ ಅಂಟಿಸಿದವಳು ನಾನೇ. ಈಗ ಚೀಟಿ ನನಗೆ ಗೊತ್ತೇ ಇಲ್ಲ ಅನ್ನುವುದು ಸರಿ ಕಾಣಲಿಲ್ಲ. ಯಾವುದಕ್ಕೂ ಟಿಕ್ ಹಾಕದೆ ಮೊಬೈಲ್ ಮುಚ್ಚಿದೆ. ಮೊದಲು ನಿಜವಾಗಿ ಬಾಕಿ ಇದೆಯೋ ಇಲ್ಲವೋ ತಿಳಿಯಬೇಕಿತ್ತು.

ಸಂಜೆ ಅವ್ವನಿಗೆ ಹೇಳಿದೆ. ಅವಳು ಕೊಯ್ಲಿನಿಂದ ಬಂದು ಕೈಗೆ ಹತ್ತಿದ ಹಣ್ಣಿನ ಅಂಟು ತೊಳೆಯುತ್ತಿದ್ದಳು.

"ಮೂರು ಸಾವ್ರದ ಮುನ್ನೂರರವತ್ತಾ? ಅಷ್ಟಕ್ಕೆ ಮನೆ ನಿಂತೋಯ್ತಾ? ಎಸೆದು ಬಾ ಮಗಾ ಅವರ ಮುಖಕ್ಕೆ. ನಾನೇ ಕೊಡ್ತೀನಿ."

ಮ್ಯಾನೇಜರ್ ಮೇಡಂಗೆ ಫೋನ್ ಮಾಡಿ ಕೇಳಿದೆ. ಅವರು ನಿಧಾನವಾಗಿ ವಿವರಿಸಿದರು. ಈಗ ಕಟ್ಟಿದರೆ ಬಾಕಿ ಸೊನ್ನೆಯಾಗುತ್ತದೆ, ಆದರೆ ಐದು ವರ್ಷ ತಡ ಮಾಡಿ ಕಟ್ಟಿದ್ದೀರಿ ಎಂಬ ಗುರುತು ಹಾಗೇ ಉಳಿಯುತ್ತದೆ. ಆಗಲೇ ಕಟ್ಟಿದ್ದರೆ ಮಾತ್ರ, ಅದಕ್ಕೆ ದಾಖಲೆ ಇದ್ದರೆ ಮಾತ್ರ, ಪೂರ್ತಿ ಸರಿಮಾಡಬಹುದು. "ಕಟ್ಟಿದ್ದು ನಿಜಾನಾ?" ಎಂದರು. "ತಿಳ್ಕೊಂಡು ಹೇಳ್ತೀನಿ ಮೇಡಂ," ಅಂದೆ.

ಚೇಚಿ ಹಿಟ್ಟಿನ ಪಾತ್ರೆ ತೊಳೆಯುತ್ತಿದ್ದರು. ಕೇಳುತ್ತಿದ್ದಂತೆ ಪಾತ್ರೆ ಕೆಳಗಿಟ್ಟರು. ನನ್ನನ್ನು ಅವರು ಕರೆಯುವುದೇ ಮೋಳೆ, ಮಗಳೇ ಎಂದು.

"ಮೋಳೆ, ಐವತ್ತು ವಾರ. ಒಂದು ವಾರ ತಪ್ಪಿಸ್ಲಿಲ್ಲ. ಜ್ವರ ಬಂದಾಗ ನಿನ್ನ ಅಮ್ಮನ ಕೈಲಿ ಕಳಿಸಿದ್ದೆ. ಕೇಳು ಬೇಕಾದ್ರೆ."

"ಕಾರ್ಡ್ ಎಲ್ಲಿದೆ ಚೇಚಿ? ಸಂಘದ ಸಾರ್ ವಾರ ವಾರ ಸಹಿ ಹಾಕ್ತಿದ್ದ ಕಾರ್ಡು."

ಅವರು ಒಲೆಯ ಕಡೆ ನೋಡಿದರು.

"ಸುಟ್ಟೆ."

"ಸುಟ್ರಾ?"

"ಸಾಲ ತೀರಿದ ದಿನ. ಆ ಕಾರ್ಡ್ ನೋಡಿದ್ರೆ ನಂಗೆ ಹೊಟ್ಟೆಯಲ್ಲಿ ಉರಿ. ಕಡೇ ಕಂತು ಕೊಟ್ಟ ಸಂಜೆ ಅದನ್ನೇ ಹಚ್ಚಿ ಚಾಯ ಮಾಡಿ ಕುಡಿದೆ. ನಿನ್ನಮ್ಮನಿಗೂ ಕೊಟ್ಟೆ."

ಅವ್ವ ಬಾಗಿಲಲ್ಲಿ ನಿಂತು, "ಚೆನ್ನಾಗಿತ್ತು ಕಣವ್ವ ಟೀ," ಅಂದಳು. ನಗುವ ಹೊತ್ತಲ್ಲದಿದ್ದರೂ ಮೂವರೂ ನಕ್ಕೆವು. ಆಮೇಲೆ ಚೇಚಿ ಗ್ರೈಂಡರ್ ಮಾರಿ ದುಡ್ಡು ಕೊಡುತ್ತೇನೆ ಎಂದು ಶುರುಮಾಡಿದರು. ದುಡ್ಡಿನ ಮಾತಲ್ಲ ಇದು, ದಿನಾಂಕದ ಮಾತು ಎಂದು ಅರ್ಥ ಮಾಡಿಸುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂದಿತ್ತು.

ನನ್ನ ಹಳೆಯ ಡೈರಿ ತೆಗೆದೆ. ಕೊನೆಯ ಆರು ಕಂತು ಬರಬೇಕಿದ್ದದ್ದು ಆ ವರ್ಷದ ಕೊಯ್ಲಿನ ಕಾಲ. ಆರು ಮಂಗಳವಾರಗಳಲ್ಲೂ ನನ್ನ ಅಕ್ಷರದಲ್ಲಿ ಒಂದೇ ಸಾಲು: "ಆನೆ. ಜೀಪಿನಲ್ಲಿ ಬಸ್ ಸ್ಟಾಪಿಗೆ." ನೆನಪಾಯಿತು. ಒಂದು ಹಿಂಡು ತೋಟದೊಳಗೇ ಬೀಡುಬಿಟ್ಟಿತ್ತು. ಅರಣ್ಯ ಇಲಾಖೆಯವರು ಎಂಟು ಗಂಟೆಗೆ ಮೊದಲು ಬೈಕಿನವರು ಎಸ್ಟೇಟ್ ರಸ್ತೆಗೆ ಬರಬಾರದು ಎಂದಿದ್ದರು. ಸಂಘದ ಸಾರ್ ಏಳಕ್ಕೆ ಬೈಕಿನಲ್ಲಿ ಬರುವವರು. ಹಾಗಾಗಿ ಆರು ವಾರ ಜಗಲಿಯಲ್ಲಿ ಮೀಟಿಂಗೇ ಆಗಲಿಲ್ಲ. ಲೀಡರ್ ಹತ್ತೂ ಜನರ ದುಡ್ಡು, ಹತ್ತೂ ಕಾರ್ಡು ಒಟ್ಟುಮಾಡಿ, ಸಂಜೆ ಕೊಯ್ಲು ಮುಗಿದ ಮೇಲೆ ಸಿದ್ದಾಪುರಕ್ಕೆ ಹೋಗಿ ರಸ್ತೆ ಬದಿಯಲ್ಲಿ ಅವರ ಕೈಗೆ ಕೊಟ್ಟು ಬರುತ್ತಿದ್ದರು.

ರಿಪೋರ್ಟಿನಲ್ಲಿ ಇಲ್ಲದ ಆರು ಕಂತು ಅವೇ. ಹಾಗಿದ್ದರೆ ನನ್ನದೊಂದೇ ಅಲ್ಲ, ಹತ್ತೂ ಜನರದ್ದೂ ಹೋಗಿರಬೇಕು. ನನ್ನ ಡೈರಿ ನನಗೆ ನೆನಪು ಕೊಟ್ಟಿತು, ಆದರೆ ಅದನ್ನು ತೋರಿಸಿದರೆ ಕಂಪನಿಯವರು ನಂಬಬೇಕೆಂದೇನಿಲ್ಲ. ಉಳಿದವರ ಕಾರ್ಡುಗಳು ಬೇಕಿತ್ತು.

ಹತ್ತರಲ್ಲಿ ನಾನೊಬ್ಬಳು. ಐದು ಜನ ಇನ್ನೂ ನಮ್ಮ ಲೈನಿನಲ್ಲೇ ಇದ್ದರು, ಇಬ್ಬರು ಹತ್ತಿರದ ಬೇರೆ ಎಸ್ಟೇಟಿಗೆ ಹೋಗಿದ್ದರು, ಒಬ್ಬರು ತಮಿಳುನಾಡಿನ ಊರಿಗೆ ಮರಳಿದ್ದರು, ಲೀಡರ್ ಮಗಳ ಮನೆಗೆಂದು ಕರಿಕೆಗೆ ಹೋಗಿ ನೆಲೆಸಿದ್ದರು. ಆರರಿಂದ ಹದಿನಾಲ್ಕರವರೆಗೆ ಪ್ರತಿ ಸಂಜೆ ಐದೂವರೆಗೆ ಒಂದೊಂದು ಮನೆ. ಒಬ್ಬರ ಕಾರ್ಡು ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಇನ್ನೊಬ್ಬರದ್ದು ದೇವರ ಫೋಟೋದ ಹಿಂದೆ. ಮತ್ತೊಬ್ಬರದ್ದರಲ್ಲಿ ಮಗು ಬಣ್ಣ ಹಚ್ಚಿತ್ತು, ಸಹಿಗಳು ಮಾತ್ರ ಕಾಣುತ್ತಿದ್ದವು. ನಾಲ್ಕನೆಯವರ ಕಾರ್ಡು ಕಳೆದೇ ಹೋಗಿತ್ತು. ಬೇರೆ ಎಸ್ಟೇಟಿನ ಇಬ್ಬರಲ್ಲಿ ಒಬ್ಬರು ಕೊಟ್ಟರು, ಇನ್ನೊಬ್ಬರ ಮನೆಗೆ ಮೂರು ಸಂಜೆ ಹೋದರೂ ಬೀಗವೇ ಇತ್ತು. ಕೊನೆಯ ಮನೆಯ ಅಕ್ಕ ಬಾಗಿಲಿನಿಂದ ಆಚೆಗೇ ಬರಲಿಲ್ಲ.

"ನನ್ನದೇನೂ ಬಾಕಿ ಇಲ್ಲ. ನೀನು ಸುಮ್ನೆ ಕೆದಕಿ ನಮ್ಮನ್ನೆಲ್ಲ ಬೀದಿಗೆ ತರ್ಬೇಡ. ಬಾಗಿಲಿಗೆ ಬಂದು ಕೂಗಾಡಿದ್ರೆ ನೀನು ಬಂದು ನಿಲ್ತೀಯಾ?"

"ನಿಲ್ತೀನಿ."

"ನಿಲ್ತಾಳಂತೆ. ಮನೆ ತಗೊಂಡು ಹೊರಟವಳು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಡೈರಿಯಲ್ಲಿ ಬರೆದೆ: ಕಾರ್ಡು ನಾಲ್ಕು, ಇಲ್ಲ ಒಂದು, ಬೀಗ ಒಂದು, ಕೊಡಲಿಲ್ಲ ಒಂದು. ನಾಲ್ಕರಲ್ಲೂ ಆ ಆರು ವಾರ ಒಂದೇ ತಾರೀಕು, ಒಂದೇ ಸಹಿ.

ಹದಿನಾರು, ಭಾನುವಾರ. ಬೆಳಿಗ್ಗೆ ಆರು ಹತ್ತಕ್ಕೆ ಬಸ್ ಹತ್ತಿದೆ. ಮಡಿಕೇರಿಯಲ್ಲಿ ಇಳಿದು ಭಾಗಮಂಡಲದ ಬಸ್ಸು, ಅಲ್ಲಿಂದ ಕರಿಕೆಗೆ ಮತ್ತೊಂದು. ಭಾಗಮಂಡಲದಲ್ಲಿ ಒಂದೂಕಾಲು ಗಂಟೆ ಕಾದೆ. ಕರಿಕೆ ರಸ್ತೆಯ ತಿರುವುಗಳನ್ನು ಎಣಿಸಲು ಹೋಗಿ ನಲವತ್ತೊಂದಕ್ಕೆ ಲೆಕ್ಕ ತಪ್ಪಿ ನಿಲ್ಲಿಸಿದೆ. ತಲುಪಿದಾಗ ಹನ್ನೆರಡಾಗಲು ಹತ್ತು ನಿಮಿಷ.

ಲೀಡರ್ ಅಕ್ಕ ರಬ್ಬರ್ ಶೀಟು ಒಣಹಾಕುತ್ತಿದ್ದರು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಓ, ನೀನಾ! ಪ್ರತಿಜ್ಞೆ ಹೇಳಿ ಬಸ್ಸಿಗೆ ಓಡಿದ ಹುಡ್ಗಿ. ಓದು ಮುಗೀತಾ?"

"ಮುಗೀತು ಅಕ್ಕ. ಪ್ರತಿಜ್ಞೆ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ."

ವಿಷಯ ಹೇಳಿದೆ. ಅವರು ಕೈ ತೊಳೆದು ಒಳಗೆ ಹೋಗಿ ಒಂದು ಉದ್ದ ನೋಟ್‌ಬುಕ್ ತಂದರು. ಸಂಘದ ಹಾಜರಿ ಪುಸ್ತಕ. ನಾನು ಆ ಆರು ವಾರಗಳ ಪುಟ ತೆರೆದೆ. ಪ್ರತಿ ಪುಟದಲ್ಲೂ ಹತ್ತು ಹೆಸರು, ಹತ್ತು ಸಲ 560, ಕೆಳಗೆ 5,600, ಅದರ ಪಕ್ಕ ಆ ಸಾರ್ ಅವರ ಸಹಿ.

"ಅವ್ರ ಬೈಕಿನ ಸೀಟೇ ಮೇಜು ನಂಗೆ," ಅಂದರು ಅಕ್ಕ. "ಸಹಿ ಇಲ್ದೆ ದುಡ್ಡು ಬಿಡಲ್ಲ ಅಂದೆ. ಕಂತು ಹಾಕೋ ಮಷಿನ್‌ನಲ್ಲಿ ಯಾಕೆ ಹಾಕಲ್ಲ ಸಾರ್ ಅಂತ ಕೇಳಿದ್ದಕ್ಕೆ, ಮೀಟಿಂಗ್ ಜಾಗದಲ್ಲೇ ನಿಂತ್ರೆ ಮಾತ್ರ ಅದು ತೆರೆದುಕೊಳ್ಳುತ್ತೆ, ಆಫೀಸಲ್ಲಿ ಹೋಗಿ ಹಾಕಿಸ್ತೀನಿ ಅಂದ್ರು. ಹಾಕಿಸ್ಲಿಲ್ವಾ?"

"ಗೊತ್ತಿಲ್ಲ ಅಕ್ಕ. ಅದನ್ನೇ ಕೇಳ್ಬೇಕು."

"ಪುಸ್ತಕ ತಗೊಂಡು ಹೋಗು. ಕೊಡೋದು ನಿಂಗೆ, ಅವ್ರಿಗಲ್ಲ. ಝೆರಾಕ್ಸ್ ಕೊಡು, ಪುಸ್ತಕ ಕೈಬಿಡ್ಬೇಡ."

ಊಟ ಮಾಡಿಸಿಯೇ ಕಳಿಸಿದರು. ಎರಡು ಗಂಟೆಯ ಬಸ್ಸಿನಲ್ಲಿ ಪುಸ್ತಕವನ್ನು ಮಡಿಲಲ್ಲಿ ಹಿಡಿದು ಕೂತೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ತಕರಾರು ಸಲ್ಲಿಸಿದೆ. ಮೂರನೆಯ ಕಾರಣಕ್ಕೆ ಟಿಕ್: ಬಾಕಿ ಮೊತ್ತ ತಪ್ಪಾಗಿದೆ. ಗೆಳತಿ ತಲೆ ಅಲ್ಲಾಡಿಸುತ್ತಿದ್ದರೂ, ನಾಲ್ಕು ಕಾರ್ಡು ಮತ್ತು ಆರು ಪುಟಗಳ ಫೋಟೋ ತೆಗೆಯುವಾಗ ಬೆಳಕು ಬೀಳುವಂತೆ ಪುಸ್ತಕ ಎತ್ತಿ ಹಿಡಿದವಳು ಅವಳೇ. ಮೂವತ್ತು ದಿನದಲ್ಲಿ ಉತ್ತರ ಬರಬೇಕು ಎಂಬುದು ನಿಯಮ. ಕಂಪನಿಯವರು ಒಪ್ಪದೆ ರಿಪೋರ್ಟ್ ತಿದ್ದುವುದಿಲ್ಲ ಎಂಬುದೂ ನಿಯಮವೇ. ಹಾಗಾಗಿ ಇಪ್ಪತ್ತರಂದು ಅರ್ಧ ದಿನ ರಜೆ ಹಾಕಿ ವಿರಾಜಪೇಟೆಗೆ ಹೋದೆ.

ಕಂಪನಿಯ ಬ್ರಾಂಚ್ ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅಲ್ಲಿನ ಆಫೀಸರ್ ನನ್ನಷ್ಟೇ ವಯಸ್ಸಿನವರು, ಬಂದು ಎಂಟು ತಿಂಗಳಾಗಿತ್ತಂತೆ. ಸಹಿ ಹಾಕುತ್ತಿದ್ದ ಸಾರ್ ವರ್ಗವಾಗಿ ಹೋಗಿ ನಾಲ್ಕು ವರ್ಷ.

"ಮೇಡಂ, ಇಷ್ಟು ಕಷ್ಟ ಯಾಕೆ? ಮೂರು ಸಾವಿರದ ಮುನ್ನೂರರವತ್ತು ಕಟ್ಬಿಡಿ, ನಾನೇ ಕ್ಲೋಸ್ ಮಾಡಿಕೊಡ್ತೀನಿ."

"ಒಂದು ಸಲ ಕಟ್ಟಿ ಆಗಿದೆ."

"ನಮ್ಮ ಸಿಸ್ಟಂನಲ್ಲಿ ಇಲ್ವಲ್ಲ."

"ನಿಮ್ಮವರ ಸಹಿ ಇದೆಯಲ್ಲ."

ಅವರು ಪುಟ ತಿರುಗಿಸಿ ನೋಡಿದರು, ಝೆರಾಕ್ಸ್ ಇಟ್ಟುಕೊಂಡರು, ಮೇಲಿನವರನ್ನು ಕೇಳಬೇಕು ಅಂದರು. ಇಪ್ಪತ್ತೇಳಕ್ಕೆ ಮತ್ತೆ ಹೋದೆ, ಅವರು ಇರಲಿಲ್ಲ. ನಡುವೆ ಫೋನ್ ಹದಿನಾಲ್ಕು ಸಲ. ಎತ್ತಿದ್ದು ಐದು ಸಲ. ಮಾರ್ಚ್ ಮೂರಕ್ಕೆ ಮೂರನೇ ಸಲ ಮೆಟ್ಟಿಲು ಹತ್ತಿದಾಗ ಅವರು ನನ್ನನ್ನು ನೋಡಿ ಎದ್ದು ನಿಂತರು. ಬೈಯಲು ಬಂದಿದ್ದೇನೆ ಎಂದುಕೊಂಡರೋ ಏನೋ.

"ಸಿಕ್ತು ಮೇಡಂ. ಕೂತ್ಕೊಳ್ಳಿ, ತೋರಿಸ್ತೀನಿ."

ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಆ ಸಾರ್ ದುಡ್ಡು ನುಂಗಿರಲಿಲ್ಲ. ಆರು ಬುಧವಾರ ತಪ್ಪದೆ 5,600 ರೂಪಾಯಿ ಬ್ರಾಂಚಿಗೆ ಕಟ್ಟಿದ್ದರು. ಮಷಿನ್‌ನಲ್ಲಿ ಮೀಟಿಂಗ್ ತೆರೆಯದೆ ಯಾರ ಹೆಸರಿಗೂ ಅದನ್ನು ಹಂಚಲು ಆಗಿರಲಿಲ್ಲ. ಯಾರದೆಂದು ಬರೆಯದ ಜಮಾ ಆಗಿ ಅದು ಅಲ್ಲೇ ಕೂತಿತ್ತು, ಒಟ್ಟು 33,600. ಅವರು ವರ್ಗವಾದರು, ಬಂದವರು ನೋಡಲಿಲ್ಲ. ಹತ್ತು ಜನರ ಹೆಸರಿನಲ್ಲಿ ಬಾಕಿ ಬೆಳೆಯಿತು, ಕಂಪನಿ ಕೈಬಿಟ್ಟಿತು, ಯಾರಿಗೂ ತಿಳಿಸಲಿಲ್ಲ.

"ನಮ್ಮದೇ ತಪ್ಪು," ಅಂದರು ಅವರು. ಆ ಮಾತನ್ನು ಅಷ್ಟು ನೇರವಾಗಿ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. "ಒಂದು ಲೆಟರ್ ಬರೆದುಕೊಡಿ. ಹತ್ತೂ ಜನರದ್ದು ಒಟ್ಟಿಗೇ ಸರಿಮಾಡಿಸ್ತೀನಿ."

ಬಿಳಿ ಹಾಳೆ ಕೊಟ್ಟರು. ಸಾಲ ನನ್ನ ಹೆಸರಿನಲ್ಲಿದೆ, ಸಹಿ ನನ್ನದು, ಐವತ್ತು ಕಂತೂ ಆಯಾ ವಾರವೇ ಕಟ್ಟಲಾಗಿದೆ ಎಂದು ಬರೆದೆ. ಕಟ್ಟಿದ್ದು ಯಾರು ಎಂದು ಬರೆಯಲು ಪೆನ್ನು ಊರಿ ನಿಲ್ಲಿಸಿದೆ. ಅವರು ಕೇಳಲಿಲ್ಲ, ನಾನು ಬರೆಯಲಿಲ್ಲ. ಅದು ನನಗೆ ಹೆಮ್ಮೆಯ ಸಾಲಲ್ಲ.

ಮಾರ್ಚ್ ಹದಿನೆಂಟಕ್ಕೆ, ಇಪ್ಪತ್ತೊಂಬತ್ತನೇ ದಿನ, ಸಂದೇಶ ಬಂತು. ಹೊಸ ರಿಪೋರ್ಟ್ ತೆಗೆದೆ. ಬಾಕಿ ಸೊನ್ನೆ. ಖಾತೆ ಪೂರ್ತಿ ತೀರಿದೆ. 731. ಗೆಳತಿ ರಿಸೆಪ್ಷನ್‌ನಿಂದಲೇ "ಎಷ್ಟು?" ಎಂದು ಕೂಗಿದಳು. ಹೇಳಿದೆ. ಕಾದು ಕೂತಿದ್ದ ಮೂವರು ರೋಗಿಗಳು ಅದು ಯಾರದೋ ಸಕ್ಕರೆ ಮಟ್ಟ ಎಂದುಕೊಂಡು ಗಾಬರಿಯಾದರು.

ಸಂಜೆ ಲೈನಿನಲ್ಲಿ ಎಲ್ಲರ ಮನೆಗೂ ಹೋಗಿ ಹೇಳಿದೆ. ಕಾರ್ಡು ಕೊಡದ ಅಕ್ಕ, "ನಾನು ಹೇಳ್ಲಿಲ್ವಾ, ನನ್ನದೇನೂ ಬಾಕಿ ಇಲ್ಲ ಅಂತ," ಅಂದು ಒಳಗೆ ಹೋಗಿ ನನಗೊಂದು ಲೋಟ ಕಾಫಿ ತಂದರು.

ಚೇಚಿ ಎಲ್ಲ ಕೇಳಿ ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ತಮ್ಮ ಫೋನ್ ಮುಂದೆ ಹಿಡಿದರು.

"ನನ್ನದೂ ತೆಗೆ ಮೋಳೆ. ನನಗೆ ಎಷ್ಟು ಬಂದಿದೆ ನೋಡುವ."

ಅವರ ಪ್ಯಾನ್ ಕಾರ್ಡು ಹುಡುಕಿ, ಒಟಿಪಿ ಹಾಕಿ, ತೆಗೆದೆ. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯೇ ಇರಲಿಲ್ಲ. ದಾಖಲೆ ಇಲ್ಲ ಎಂದಿತ್ತು. ಹೆಸರು, ಹುಟ್ಟಿದ ದಿನ, ವಿಳಾಸ, ಉಳಿದದ್ದು ಖಾಲಿ.

"ಸೊನ್ನೆಯಾ?"

"ಸೊನ್ನೆಯಲ್ಲ ಚೇಚಿ. ನೀವು ಸಾಲ ತಗೊಂಡೇ ಇಲ್ಲ ಅಂತ."

"ಐವತ್ತು ವಾರ ಕಟ್ಟಿದ್ದು?"

"ಅದು ನನ್ನ ಹತ್ರ ಇದೆ."

ಅವರು ಹೂಂ ಅಂದರು. ನಾನು ಅಲ್ಲೇ ನನ್ನ ರಿಪೋರ್ಟನ್ನು ಮತ್ತೆ ತೆರೆದು ನೋಡಿದೆ. ನಾನೇ ಕಟ್ಟಿದ್ದು ಒಂದು ಮೊಬೈಲಿನ ಹತ್ತು ಕಂತು. ಅದಕ್ಕೆ ಹಿಂದೆ, ಸಾಲಾಗಿ, ಒಂದೂ ತಪ್ಪದ ಒಂದು ವರ್ಷ. ಅದು ಚೇಚಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಕ್ಕಿ ರುಬ್ಬಿ ತುಂಬಿಸಿದ ವರ್ಷ. ಆ ಖಾತೆಯನ್ನು ಫೆಬ್ರವರಿ ಐದರಂದು ನನ್ನದಲ್ಲ ಎಂದು ಟಿಕ್ ಹಾಕಿದ್ದರೆ ಕಲೆಯ ಜೊತೆ ಆ ವರ್ಷವೂ ಅಳಿಸಿಹೋಗುತ್ತಿತ್ತು. ಅಳಿಸದೆ ಉಳಿದದ್ದರ ಲಾಭ ಈಗ ಪೂರ್ತಿ ನನಗೆ.

ಬ್ಯಾಂಕಿನಲ್ಲಿ ಮ್ಯಾನೇಜರ್ ಮೇಡಂ ಹೊಸ ರಿಪೋರ್ಟ್ ಓದಿ, "ಅಷ್ಟು ಚಿಕ್ಕ ವಯಸ್ಸಿನಲ್ಲೇ ವಾರ ವಾರ ಶಿಸ್ತಾಗಿ ಕಟ್ಟಿದ್ದೀರಲ್ಲ, ಅದೇ ಇಲ್ಲಿ ಕೆಲಸಕ್ಕೆ ಬಂತು," ಅಂದರು. ಈ ಸಲ ಸುಮ್ಮನಿರಲಿಲ್ಲ. ಕಟ್ಟಿದ್ದು ನಾನಲ್ಲ ಮೇಡಂ, ನಾನು ಹೆಸರು ಕೊಟ್ಟಿದ್ದೆ ಅಷ್ಟೇ ಎಂದು ಹೇಳಿದೆ. ಅರ್ಜಿ ಮತ್ತೆ ವಾಪಸ್ ಬಂದರೂ ಬರಲಿ ಅನ್ನಿಸಿತ್ತು. ಅವರು ಕನ್ನಡಕದ ಮೇಲಿಂದ ನೋಡಿದರು.

"ಈಗ ಬೇರೆ ಯಾರಿಗಾದ್ರೂ ಕೊಟ್ಟಿದ್ದೀರಾ?"

"ಇಲ್ಲ."

"ಕೊಡ್ಬೇಡಿ," ಅಂದು ಸಹಿ ಹಾಕಿದರು. ಕೇಳಿದ್ದು ಒಂಬತ್ತು, ಮಂಜೂರಾದದ್ದು ಎಂಟೂವರೆ. ಉಳಿದ ಐವತ್ತು ಸಾವಿರಕ್ಕೆ ಅವ್ವನ ಬಳೆ. ಅದು ಏಪ್ರಿಲ್ ಒಂಬತ್ತು.

ನೋಂದಣಿ ವಿರಾಜಪೇಟೆಯಲ್ಲಿ, ಏಪ್ರಿಲ್ ಹದಿನೇಳು, ಗಡುವಿಗೆ ಮೂರು ದಿನ ಮೊದಲು. ಪತ್ರಕ್ಕೆ ಎರಡು ಸಾಕ್ಷಿ ಬೇಕಿತ್ತು. ಮಾರುವವರ ಕಡೆಯಿಂದ ಒಬ್ಬರು ಬಂದಿದ್ದರು. ನಮ್ಮ ಕಡೆಯಿಂದ ಚೇಚಿಯನ್ನು ಕರೆದುಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಆಧಾರ್ ಕಾರ್ಡನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಅವರ ಸರದಿ ಬಂದಾಗ ಪೆನ್ನು ಹಿಡಿದು ಕಾಗದದ ಮೇಲೆ ಬಗ್ಗಿದರು. ಮೊದಲ ಅಕ್ಷರಕ್ಕೇ ಬಹಳ ಹೊತ್ತು ಹಿಡಿಯಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಕೌಂಟರಿನವರು ಇಂಕಿನ ಪ್ಯಾಡ್ ಮುಂದೆ ತಳ್ಳಿದರು.

"ಹೆಬ್ಬೆಟ್ಟು ಒತ್ತಿ ಅಮ್ಮ, ಬೇಗ ಆಗುತ್ತೆ."

"ನಂಗೆ ಹೆಸರು ಬರೆಯೋಕೆ ಬರ್ತದೆ ಸಾರ್," ಅಂದರು ಚೇಚಿ, ತಲೆ ಎತ್ತದೆ. "ಸ್ವಲ್ಪ ನಿಲ್ಲಿ."

ಅವರು ನಿಂತರು. ಅವ್ವ ನಿಂತಳು. ನಾನು ಗಡಿಯಾರ ನೋಡಲಿಲ್ಲ. ಚೇಚಿ ತಮ್ಮ ಹೆಸರನ್ನು ಮಲಯಾಳಂನಲ್ಲಿ, ಒಂದೊಂದೇ ಅಕ್ಷರ ದುಂಡಗೆ, ಕೊನೆಯವರೆಗೂ ಬರೆದು ಮುಗಿಸಿದರು.